ಏನು ಬೆರೆಸಬಾರದು ಅನ್ನುವುದನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಕ್ಲೀನರ್ ಮಾಡಿಕೊಳ್ಳುವ ಬಗ್ಗೆ ನಿಮ್ಮ ಪುರವಣಿಯಲ್ಲಿ ಬರುವ ಸಲಹೆಗಳನ್ನು ಒಂದೂ ಬಿಡದೆ ಓದುತ್ತೇನೆ. ಕೆಲವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಅವು ಇನ್ನೂ ಬರಲಿ. ಆದರೆ ಪ್ರತಿ ಸಲಹೆಯ ಕೆಳಗೆ ಒಂದು ಸಾಲು ಸೇರಿಸಿ ಎಂದು ಕೇಳಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಯಾವುದರ ಜೊತೆ ಬೆರೆಸಬಾರದು ಅನ್ನುವ ಒಂದೇ ಒಂದು ಸಾಲು.

ನಾನು 31 ವರ್ಷ ಶಾಲೆಯೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದವನು. ಬಾಟಲಿ ತೊಳೆಯುವುದು, ತುಂಬಿಸುವುದು, ಚೀಟಿ ಅಂಟಿಸುವುದು ನನ್ನ ಕೆಲಸ. ನಿವೃತ್ತಿಯಾದ ಮೇಲೆ ಅದೇ ಕೈ ಮನೆಯ ಕಡೆ ತಿರುಗಿತು. ನನ್ನ ಹೆಂಡತಿಗೆ ಉಬ್ಬಸ ಇದೆ. ಘಾಟು ಪರಿಮಳದ ಕ್ಲೀನರ್ ಹಾಕಿ ನೆಲ ಒರೆಸಿದ ದಿನ ರಾತ್ರಿಯೆಲ್ಲ ಕೆಮ್ಮುತ್ತಿದ್ದಳು. ಅವನ್ನೆಲ್ಲ ನಿಲ್ಲಿಸಿ ಸೋಪು, ಅಡುಗೆ ಸೋಡಾ, ವಿನೆಗರ್ ತಂದಿಟ್ಟೆ. ಕೆಮ್ಮು ನಿಜಕ್ಕೂ ಕಡಿಮೆಯಾಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಅವಳು ಸ್ನಾನದ ಮನೆಯ ನೆಲಕ್ಕೆ ಬ್ಲೀಚ್ ಹಾಕಿ, ನೆನೆಯಲಿ ಅಂತ ಬಿಟ್ಟಿದ್ದಳು. ನನಗೆ ಗೊತ್ತಿರಲಿಲ್ಲ. ನಲ್ಲಿಯ ಕೆಳಗಿನ ಬಿಳಿ ಕಲೆ ತೆಗೆಯೋಣ ಅಂತ ಹೋಗಿ ವಿನೆಗರ್ ಸುರಿದೆ. ಕ್ಷಣದಲ್ಲಿ ಮೂಗು ಉರಿಯಿತು. ಅದು ಯಾವ ವಾಸನೆ ಅಂತ ತಕ್ಷಣ ಗೊತ್ತಾಯಿತು. ಪ್ರಯೋಗಾಲಯದಲ್ಲಿ ಕ್ಲೋರಿನ್ ತಯಾರಿಸುವಾಗ ಗಾಜಿನ ಕಪಾಟಿನ ಒಳಗಿಟ್ಟು, ಫ್ಯಾನ್ ಹಾಕಿ ಮಾಡುತ್ತಿದ್ದೆವು. ಇಲ್ಲಿ ಪುಟ್ಟ ಕೋಣೆ, ಮುಚ್ಚಿದ ಕಿಟಕಿ. ಉಸಿರು ಬಿಗಿಹಿಡಿದು ಹೊರಗೆ ಬಂದೆ. ಏನಾಯಿತು ಅಂತ ಬಾಗಿಲ ಬಳಿ ಬಂದ ಹೆಂಡತಿಯನ್ನು ಅಂಗಳಕ್ಕೆ ಎಳೆದುಕೊಂಡು ಹೋದೆ. ಅಷ್ಟರಲ್ಲೇ ಅವಳು ಒಂದು ಉಸಿರು ಎಳೆದುಕೊಂಡಿದ್ದಳು. ಕೆಮ್ಮು ಪೂರ್ತಿ ನಿಲ್ಲಲು ಎರಡು ದಿನ ಬೇಕಾಯಿತು.

ಬ್ಲೀಚ್‌ನಲ್ಲಿ ಇರುವುದು ಸೋಡಿಯಂ ಹೈಪೋಕ್ಲೋರೈಟ್. ಅದಕ್ಕೆ ಯಾವ ಹುಳಿ ಸೇರಿದರೂ ಕ್ಲೋರಿನ್ ಅನಿಲ ಹೊರಡುತ್ತದೆ. ವಿನೆಗರ್ ಆಗಲಿ, ನಿಂಬೆರಸ ಆಗಲಿ, ಸಿಟ್ರಿಕ್ ಆಸಿಡ್ ಆಗಲಿ, ಟಾಯ್ಲೆಟ್ಟಿಗೆ ಹಾಕುವ ಆಸಿಡ್ ಆಗಲಿ, ಎಲ್ಲದಕ್ಕೂ ಇದೇ ಮಾತು. ಬ್ಲೀಚಿಂಗ್ ಪೌಡರ್ ಕೂಡ ಹೀಗೇ. 1915ರಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಸೈನಿಕರ ಮೇಲೆ ಬಿಟ್ಟಿದ್ದು ಇದೇ ಅನಿಲ. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ಹಾಗಾಗಿ ನೆಲದ ಹತ್ತಿರವೇ ನಿಲ್ಲುತ್ತದೆ. ಅಂಬೆಗಾಲಿಡುವ ಮಗುವಿನ ಮೂಗು ಇರುವುದೂ ಅಲ್ಲೇ ಅಲ್ವಾ?

ಅಮೋನಿಯಾ ಇರುವ ಗಾಜಿನ ಕ್ಲೀನರ್ ಆಗಲಿ, ಸ್ಪಿರಿಟ್ ಆಗಲಿ ಬ್ಲೀಚ್ ಜೊತೆ ಸೇರಬಾರದು. ವಿನೆಗರ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಒಂದೇ ಬಾಟಲಿಯಲ್ಲಿ ಬೇಡ. ಆ ಎರಡು ಸೇರಿ ಪೆರಾಸಿಟಿಕ್ ಆಸಿಡ್ ಆಗುತ್ತದೆ, ಕಣ್ಣು ಗಂಟಲು ಉರಿಸುತ್ತದೆ.

ಇನ್ನು ಎಲ್ಲ ಕಡೆ ಕಾಣುವ ಒಂದು ಸಲಹೆ: ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿಡಿ ಅನ್ನುವುದು. ನೊರೆ ಉಕ್ಕುವುದನ್ನು ನೋಡಿದರೆ ಏನೋ ದೊಡ್ಡ ಕೆಲಸ ನಡೆಯುತ್ತಿದೆ ಅನಿಸುತ್ತದೆ. ಉಕ್ಕುವುದು ಇಂಗಾಲದ ಡೈಆಕ್ಸೈಡ್. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಹಾಕುತ್ತವೆ. ಕೊನೆಗೆ ಕೈಯಲ್ಲಿ ಉಳಿಯುವುದು ಸೋಡಿಯಂ ಅಸಿಟೇಟ್ ಎಂಬ ಲವಣ ಕರಗಿದ ನೀರು. ಅದರಿಂದ ಕಲೆ ಹೋಗುವುದಿಲ್ಲ. ನೊರೆ ಇಳಿಯುವ ಮೊದಲೇ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯಬಹುದು. ಹಣ್ಣಿನ ಸಿಪ್ಪೆ, ಸಕ್ಕರೆ, ನೀರು ಸೇರಿಸಿ ಹುದುಗಿಸಿ ಇಡುವವರೂ ಅಷ್ಟೆ, ದಿನಾ ಮುಚ್ಚಳ ಸಡಿಲಿಸಿ ಅನಿಲ ಬಿಡಬೇಕು. ಗಾಜಿನ ಬಾಟಲಿ ಅಂತೂ ಬೇಡವೇ ಬೇಡ.

ಹಾಗಾದರೆ ನಾನೇನು ಮಾಡುತ್ತೇನೆ? ನೆಲಕ್ಕೆ ಅರ್ಧ ಬಕೆಟ್ ಬಿಸಿನೀರು, ಒಂದು ಚಮಚ ಪರಿಮಳ ಇಲ್ಲದ ದ್ರವ ಸೋಪು. ಮನೆಯ ಮುಕ್ಕಾಲು ಪಾಲು ಕೆಲಸ ಇದರಲ್ಲೇ ಮುಗಿಯುತ್ತದೆ. ಸೋಪು ಜಿಡ್ಡನ್ನು ಹಿಡಿದು ನೀರಿನ ಜೊತೆ ಹೊರಗೆ ಸಾಗಿಸುತ್ತದೆ, ಕ್ರಿಮಿಗಳೂ ಅದರ ಜೊತೆಗೇ ಹೋಗುತ್ತವೆ. ಸಿಂಕಿಗೆ ಮೂರು ಪಾಲು ಅಡುಗೆ ಸೋಡಾ, ಒಂದು ಪಾಲು ನೀರು ಕಲಸಿ ಹಚ್ಚಿ ಉಜ್ಜುತ್ತೇನೆ. ಗಡಸು ನೀರಿನ ಬಿಳಿ ಕಲೆಗೆ ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಸಿಟ್ರಿಕ್ ಆಸಿಡ್. ಬಟ್ಟೆಯನ್ನು ಅದರಲ್ಲಿ ನೆನೆಸಿ ನಲ್ಲಿಗೆ ಸುತ್ತಿ ಕಾಲು ಗಂಟೆ ಬಿಡುತ್ತೇನೆ, ಆಮೇಲೆ ಚೆನ್ನಾಗಿ ನೀರು ಹಾಕಿ ತೊಳೆಯುತ್ತೇನೆ. ಆ ಕಲೆ ಸುಣ್ಣದ್ದು, ಹುಳಿಗೆ ಕರಗುತ್ತದೆ. ಮಾರ್ಬಲ್ ಕೂಡ ಅದೇ ಜಾತಿಯದು. ನಮ್ಮ ಕಿಟಕಿಯ ಮಾರ್ಬಲ್ ಕಟ್ಟೆಯ ಮೇಲೆ ವಿನೆಗರ್ ಬಾಟಲಿ ಇಟ್ಟಿದ್ದ ಕಡೆ ಒಂದು ಮಂಕು ಉಂಗುರ ಉಳಿದಿದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ, ಅಲ್ಲಿ ಕಲ್ಲೇ ಕರಗಿದೆ.

ಗಾಜಿಗೆ ಅರ್ಧ ವಿನೆಗರ್, ಅರ್ಧ ನೀರು ಸಾಕು. ಸೋಪಿನ ನೀರಿಗೆ ಮಾತ್ರ ವಿನೆಗರ್ ಹಾಕಬೇಡಿ, ಒಡೆದ ಹಾಲಿನ ಹಾಗೆ ಆಗಿಬಿಡುತ್ತದೆ. ಪರಿಮಳಕ್ಕೆ ಅಂತ ಟೀ ಟ್ರೀ ಎಣ್ಣೆ ಹಾಕುವವರ ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ಬಿಟ್ಟುಬಿಡಿ. ಬೆಕ್ಕಿಗೆ ಅದು ವಿಷ.

ಬ್ಲೀಚ್ ಮನೆಯಲ್ಲಿ ಇರಲೇಬಾರದು ಅಂತ ನಾನು ಹೇಳುತ್ತಿಲ್ಲ. ಯಾರಿಗಾದರೂ ವಾಂತಿ ಭೇದಿ ಆದಾಗ ವಿನೆಗರ್ ನಂಬಿಕೊಂಡು ಕೂರಬಾರದು, ಎಲ್ಲ ರೋಗಾಣುಗಳನ್ನು ಕೊಲ್ಲುವ ಶಕ್ತಿ ಅದಕ್ಕಿಲ್ಲ. ಆಗ ಜಾಗವನ್ನು ಮೊದಲು ಸೋಪಿನಿಂದ ತೊಳೆದು, ಬಾಟಲಿಯ ಮೇಲೆ ಹೇಳಿದಷ್ಟೇ ತಣ್ಣೀರಿಗೆ ಬ್ಲೀಚ್ ಬೆರೆಸಿ, ಕಿಟಕಿ ತೆಗೆದಿಟ್ಟು ಬಳಸುತ್ತೇವೆ. ಬೇರೇನನ್ನೂ ಅದರ ಹತ್ತಿರ ತರುವುದಿಲ್ಲ. ಬ್ಲೀಚ್ ಹಾಕಿದವರು ಬಾಗಿಲ ಹಿಡಿಗೆ ಒಂದು ಕೆಂಪು ಬಟ್ಟೆ ಕಟ್ಟಬೇಕು, ತೊಳೆದ ಮೇಲೇ ಬಿಚ್ಚಬೇಕು. ಆ ಬೆಳಿಗ್ಗೆಯ ನಂತರ ನಾವಿಬ್ಬರೂ ಸೇರಿ ಮಾಡಿಕೊಂಡ ನಿಯಮ ಇದು.

ಇನ್ನೊಂದು ಮಾತು ಚೀಟಿಯ ಬಗ್ಗೆ. ಪ್ರಯೋಗಾಲಯದಲ್ಲಿ ಹೆಸರಿಲ್ಲದ ಬಾಟಲಿ ಸಿಕ್ಕರೆ ಯಾರೂ ಮುಟ್ಟುವ ಹಾಗಿರಲಿಲ್ಲ. ಮನೆಯಲ್ಲಿ ಎಷ್ಟು ಜನ ಚೀಟಿ ಹಚ್ಚುತ್ತಾರೆ? ವಿನೆಗರ್, ಪೆರಾಕ್ಸೈಡ್, ಸಿಟ್ರಿಕ್ ಆಸಿಡ್ ನೀರು ಎಲ್ಲವೂ ನೋಡಲು ಕುಡಿಯುವ ನೀರಿನ ಹಾಗೇ ಇರುತ್ತವೆ. ತಂಪು ಪಾನೀಯದ ಖಾಲಿ ಬಾಟಲಿಗೆ ಇವನ್ನು ತುಂಬಿಸಿದರೆ ಬಾಯಾರಿದ ಮಗುವಿಗೆ ಏನು ಗೊತ್ತಾಗುತ್ತದೆ? ನನ್ನ ಚೀಟಿಯಲ್ಲಿ ಮೂರು ಸಾಲು ಇರುತ್ತದೆ. ಒಳಗೇನಿದೆ, ಯಾವ ದಿನ ಮಾಡಿದ್ದು, ಯಾವುದರ ಜೊತೆ ಸೇರಿಸಬಾರದು. ಮೂರನೆಯ ಸಾಲನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇನೆ.

ನಾನು ನಿಮ್ಮನ್ನು ಕೇಳುತ್ತಿರುವುದು ಆ ಮೂರನೆಯ ಸಾಲನ್ನೇ. ಜಾಗ ಕಡಿಮೆ ಇದ್ದರೆ ಸಲಹೆಯಲ್ಲಿ ಒಂದು ಸಾಲು ಕತ್ತರಿಸಿ, ಇದನ್ನು ಉಳಿಸಿ. ಬೇಕಾದರೆ ಪಟ್ಟಿಯನ್ನು ನಾನೇ ಬರೆದು ಕಳಿಸುತ್ತೇನೆ, ರಸಾಯನಶಾಸ್ತ್ರ ಕಲಿಸುವವರಿಗೆ ತೋರಿಸಿ, ತಿದ್ದಿಸಿ ಅಚ್ಚು ಹಾಕಿ. ಮುಂದಿನ ವಾರದ ಪುರವಣಿ ಬಂದಾಗ ಮೊದಲು ಆ ಸಾಲನ್ನೇ ಹುಡುಕುತ್ತೇನೆ.

ಇಂತಿ ನಿಮ್ಮ ಓದುಗ,
ನಿವೃತ್ತ ಪ್ರಯೋಗಾಲಯ ಸಹಾಯಕ