ಮೂರು ಯೂನಿಟ್ಟಿಗೆ ಪೂರ್ತಿ ಬಿಲ್ಲು: ಇಂಧನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಇಂಧನ ಸಚಿವರೇ,

ನಮಸ್ಕಾರ. ನಾನು ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನವಳು. ಗಾರ್ಮೆಂಟ್ಸ್‌ನಲ್ಲಿ ಟೈಲರ್ ಕೆಲಸ. ಎರಡು ಚಳಿಗಾಲದಿಂದ ನಿಮಗೆ ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೆ. ಜನವರಿ ಬಿಲ್ಲು ಕೈಗೆ ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

ಬಿಲ್ಲಿನಲ್ಲಿ ಬಳಕೆ 203 ಯೂನಿಟ್ ಅಂತಿತ್ತು. ಗೃಹಜ್ಯೋತಿಯ ನಿಯಮ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ: ಮನೆಗೆ ಇಷ್ಟು ಯೂನಿಟ್ ಉಚಿತ ಅಂತ ಒಂದು ಪಾಲು, ಅದನ್ನು ಮೀರಿದರೆ ಮೀರಿದಷ್ಟಕ್ಕೆ ದುಡ್ಡು, ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ಲು. ಅದರ ಹಿಂದಿನ ತಿಂಗಳು 188 ಯೂನಿಟ್ ಆಗಿತ್ತು, ನಮ್ಮ ಪಾಲಿನ 154 ಕಳೆದು ಮಿಕ್ಕ 34ಕ್ಕೆ ಮಾತ್ರ ಕಟ್ಟಿದ್ದೆವು. ಈ ಸಲ 200 ದಾಟಿತು ಅಂತ ಮೊದಲನೇ ಯೂನಿಟ್ಟಿನಿಂದಲೇ ಲೆಕ್ಕ ಹಾಕಿದ್ದಾರೆ. ನಿಗದಿತ ಶುಲ್ಕ, ತೆರಿಗೆ ಎಲ್ಲ ಸೇರಿ ₹1,600ಕ್ಕೂ ಮೇಲೆ. ಹೆಚ್ಚಾಗಿದ್ದು ಮೂರೇ ಯೂನಿಟ್, ಸ್ವಾಮಿ.

ಆ ಕರೆಂಟು ಎಲ್ಲಿಗೆ ಹೋಯಿತು ಅಂತಲೂ ಹೇಳುತ್ತೇನೆ. ನಮ್ಮತ್ತೆಗೆ ಎಪ್ಪತ್ತನಾಲ್ಕು ವರ್ಷ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಎಡಗೈ, ಎಡಗಾಲು ಸ್ವಾಧೀನ ತಪ್ಪಿದವು. ಮಾಗಿ ಚಳಿ ಶುರುವಾದರೆ ಆ ಕೈ ಕಟ್ಟಿಗೆಯ ಹಾಗೆ ಸೆಟೆದುಕೊಳ್ಳುತ್ತದೆ. ಬೆಳಿಗ್ಗೆ ಐದಕ್ಕೆ ನೀರು ಕಾಯಿಸಿ, ಟವೆಲ್ ಅದ್ದಿ ಹಿಂಡಿ ಕಾವು ಕೊಟ್ಟರೆ ಬೆರಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ. ಆಮೇಲೆ ಸ್ನಾನ, ರಾತ್ರಿ ಮತ್ತೆ ಕಾವು. ಹಳ್ಳಿಮನೆಯಲ್ಲಿ ಹಂಡೆ ಇತ್ತು, ತೆಂಗಿನ ಮಟ್ಟೆ, ಕಬ್ಬಿನ ಸೋಗೆ ಹಾಕಿ ಉರಿ ಮಾಡುತ್ತಿದ್ದೆವು. ಈಗಿರುವ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಬಕೆಟ್‌ಗೆ ಕಾಯಿಲ್ ಹಾಕಬೇಕು. ಒಂದೂವರೆ ಕಿಲೋವ್ಯಾಟ್ ಕಾಯಿಲ್ ಒಂದು ಗಂಟೆ ಉರಿದರೆ ಒಂದೂವರೆ ಯೂನಿಟ್. ದಿನಕ್ಕೊಂದೇ ಗಂಟೆ ಅಂದರೂ ತಿಂಗಳಿಗೆ 45.

ನಮ್ಮ ಪಾಲನ್ನು ಗೊತ್ತು ಮಾಡಿದ್ದು 2022–23ರ ಸರಾಸರಿ ಬಳಕೆಯ ಮೇಲೆ, ಅದಕ್ಕೆ ಶೇ. 10 ಸೇರಿಸಿ. ಆಗ ಅತ್ತೆ ಬಿಂದಿಗೆ ಹೊರುತ್ತಿದ್ದರು, ತಣ್ಣೀರಲ್ಲೇ ಮೈ ತೊಳೆಯುತ್ತಿದ್ದರು. ಮನೆಯಲ್ಲಿ ಕಾಯಿಲೆ ಬಂದಿದ್ದು ಆಮೇಲೆ. ಆ ಸರಾಸರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಬಿಲ್ಲು ಹಿಡಿದು ಕಚೇರಿಗೆ ಎರಡು ಸಲ ಹೋದೆ. ಎರಡು ಸಲವೂ ಅರ್ಧ ದಿನದ ಸಂಬಳ ಹೋಯಿತು. ಕೌಂಟರಿನಲ್ಲಿದ್ದವರು, "ಇನ್ನೂರು ದಾಟಿದ ಮೇಲೆ ಕಂಪ್ಯೂಟರೇ ಪೂರ್ತಿ ಹಾಕುತ್ತೆ, ನಮ್ಮ ಕೈಲೇನಿಲ್ಲ" ಅಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಯಲ್ಲಿ ನಿಜವಾಗಿಯೂ ಏನಿಲ್ಲ, ಇರುವುದು ನಿಮ್ಮ ಕೈಯಲ್ಲಿ.

ಮನೆಯಲ್ಲಿ ನಾನು, ನನ್ನ ಗಂಡ ಬಿಲ್ಲಿನ ಮಾತಾಡಿದ್ದು ಅತ್ತೆಯ ಕಿವಿಗೆ ಬಿತ್ತು. ಮಾರನೇ ದಿನ ನಾನು ಕಾಯಿಲ್ ಸ್ವಿಚ್ ಹಾಕಲು ಹೋದರೆ, "ಬ್ಯಾಡ ಕಣವ್ವ, ಸುಮ್ಕೆ ಕರೆಂಟು ಉರೀತದೆ, ನಂಗೇನೂ ಚಳಿ ಆಗ್ತಿಲ್ಲ" ಅಂದರು. ಹೇಳುವಾಗ ಸೆಟೆದ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದರು. ನನಗೆ ಈ ಪತ್ರ ಬರೆಸಿದ್ದು ಅದು.

ನಾನು ಕೇಳುವುದು ಇಷ್ಟೇ. 200 ದಾಟಿದರೆ ದಾಟಿದಷ್ಟಕ್ಕೆ ದುಡ್ಡು ತೆಗೆದುಕೊಳ್ಳಿ. ಪೂರ್ತಿ ಬಿಲ್ಲು ಹಾಕಬೇಡಿ.

ಆಗುವುದಿಲ್ಲ ಅನ್ನಬೇಡಿ. 48 ಯೂನಿಟ್ಟಿಗಿಂತ ಕಡಿಮೆ ಬಳಸುವವರಿಗೆ ಸರಾಸರಿಯ ಮೇಲೆ ಶೇ. 10ರ ಬದಲು 10 ಯೂನಿಟ್ ಸೇರಿಸುವುದು ಅಂತ 2024ರ ಜನವರಿಯಲ್ಲಿ ನಿಮ್ಮ ಸಂಪುಟವೇ ತಿದ್ದಿತಲ್ಲ? ಬಡವರಿಗೆ ಅನುಕೂಲವಾಯಿತು, ಸಂತೋಷ. ಆವತ್ತು ತಿದ್ದಿದ ಕೈ ಇವತ್ತೂ ತಿದ್ದಬಹುದು.

ನಮ್ಮ ಕಡೆ ಕೆಲವರು, "ಕರೆಂಟ್ ಕಂಪನಿ ಖಾಸಗಿಯವರಿಗೆ ಕೊಟ್ಟರೆ ಎಲ್ಲ ಸರಿಹೋಗುತ್ತೆ" ಅನ್ನುತ್ತಾರೆ. ಒಂದೇ ಊರಿನಲ್ಲಿ, ಅದೇ ತಂತಿಯಲ್ಲಿ ಹಲವು ಕಂಪನಿಗಳು ಕರೆಂಟು ಮಾರಲು ದಾರಿ ಮಾಡುವ ಮಸೂದೆ 2022ರ ಆಗಸ್ಟ್‌ನಲ್ಲಿ ಲೋಕಸಭೆಗೆ ಬಂದಿತ್ತು. ನನಗದು ಬೇಡ. ಖಾಸಗಿ ಮಾಲೀಕನಿಗೆ ನಾನು ಯಾವ ಹಕ್ಕಿನಿಂದ ಪತ್ರ ಬರೆಯಲಿ? ನಿಮಗಾದರೆ ವೋಟು ಹಾಕಿದ್ದೇವೆ. ನಮ್ಮ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು ಮೈಸೂರು ಸರ್ಕಾರ. ಬೆಂಗಳೂರಿಗೆ ದೀಪ ಬಂದಿದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ, ಅದೂ ಇಲ್ಲಿಂದಲೇ. ಅಂದಿನಿಂದ ಇದು ಜನರ ಆಸ್ತಿ. ಹಾಗೇ ಇರಲಿ.

ಆದರೆ ಜನರದ್ದು ಅಂದಮೇಲೆ ಹೊರೆ ಹೊರುವಾಗ ಮಾತ್ರ ಜನರು ನೆನಪಾದರೆ ಹೇಗೆ? ವಿದ್ಯುತ್ ನೌಕರರ ಪಿಂಚಣಿ, ಗ್ರಾಚ್ಯುಟಿಗೆ ಸರ್ಕಾರ ಕೊಡಬೇಕಾದ ಪಾಲನ್ನು 2025ರ ಏಪ್ರಿಲ್‌ನಿಂದ ಯೂನಿಟ್ಟಿಗೆ 36 ಪೈಸೆಯಂತೆ ನಮ್ಮ ಬಿಲ್ಲಿಗೆ ಸೇರಿಸಲಾಯಿತು. ಕಂಬ ಹತ್ತಿ ದುಡಿದವರಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅದನ್ನು ಕೊಡಬೇಕಾದದ್ದು ಸರ್ಕಾರ. 203 ಯೂನಿಟ್ಟಿಗೆ ಆ ಲೆಕ್ಕದಲ್ಲೇ ₹73 ಹೋಯಿತು. ನಮ್ಮತ್ತೆಯ ಒಂದು ವಾರದ ಹಾಲಿನ ದುಡ್ಡು ಅದು.

ಮತ್ತೆ ಹೇಳುತ್ತೇನೆ, 200 ದಾಟಿದಷ್ಟಕ್ಕೆ ಮಾತ್ರ ಬಿಲ್ಲು ಹಾಕಿ. ಎಲ್ಲ ತಿಂಗಳಿಗೂ ಕಷ್ಟವಾದರೆ ಡಿಸೆಂಬರ್, ಜನವರಿ, ಫೆಬ್ರವರಿಗಾದರೂ ಮಾಡಿ. ಮನೆಯಲ್ಲಿ ಹಾಸಿಗೆ ಹಿಡಿದವರಿದ್ದರೆ ಡಾಕ್ಟರ್ ಚೀಟಿ ನೋಡಿ ಪಾಲು ಹೆಚ್ಚಿಸಿ. ಚೀಟಿ ನನ್ನ ಹತ್ತಿರ ಇದೆ, ಬಿಲ್ಲೂ ಇದೆ, ಕೇಳಿದರೆ ಕಳಿಸುತ್ತೇನೆ.

ಜನವರಿಯದ್ದನ್ನು ಸಂಘದಲ್ಲಿ ಸಾಲ ಎತ್ತಿ ಕಟ್ಟಿದ್ದೇನೆ. ಅದನ್ನು ವಾಪಸ್ ಕೊಡಿ ಅಂತ ಕೇಳುತ್ತಿಲ್ಲ. ಮುಂದಿನ ಧನುರ್ಮಾಸ ಬರುವುದರೊಳಗೆ ಆದೇಶ ಹೊರಡಿಸಿ. ಅತ್ತೆಗೆ ಅದನ್ನು ಓದಿ ಹೇಳಿ ಕಾಯಿಲ್ ಹಾಕುತ್ತೇನೆ.

ಇಂತಿ,
ಮಳವಳ್ಳಿ ತಾಲ್ಲೂಕಿನ ಒಬ್ಬ ಗಾರ್ಮೆಂಟ್ಸ್ ಕೆಲಸಗಾರ್ತಿ