ಬೇಸ್ ಗಿಟಾರಿನ ಶ್ರುತಿ ಮೊದಲು ಕಿವಿಗೆ ಸಿಗಲಿ

ಮಾನ್ಯ ಸಂಪಾದಕರೇ,

ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಗಣೇಶೋತ್ಸವ, ರಾಜ್ಯೋತ್ಸವಗಳ ಆರ್ಕೆಸ್ಟ್ರಾಗಳಲ್ಲಿ ಬೇಸ್ ಗಿಟಾರ್ ನುಡಿಸಿ, ಈಗ ಅದನ್ನೇ ಮಕ್ಕಳಿಗೆ ಕಲಿಸುತ್ತಿರುವ ನಾನು, ಸಂಗೀತ ತರಗತಿ ನಡೆಸುವವರಲ್ಲೂ ಪೋಷಕರಲ್ಲೂ ಒಂದು ಮನವಿ ಮಾಡಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಕಲಿಕೆಯ ಮೊದಲ ಕೆಲವು ತಿಂಗಳಾದರೂ ಮಕ್ಕಳು, ಶ್ರುತಿ ಸರಿಯಿದೆಯೇ ಎಂದು ದೀಪ ಹೊತ್ತಿಸಿ ತೋರಿಸುವ ಟ್ಯೂನರ್ ಸಾಧನವನ್ನು ಬದಿಗಿಟ್ಟು, ಕೇವಲ ಕಿವಿಯಿಂದ ತಂತಿಗಳನ್ನು ಶ್ರುತಿ ಮಾಡಲು ಕಲಿಯಬೇಕು.

ಕೆಲವು ವಾರಗಳ ಹಿಂದೆ ಬೇರೆ ಕಡೆ ಎರಡು ವರ್ಷ ಕಲಿತಿದ್ದ ಹುಡುಗನೊಬ್ಬ ನನ್ನ ಬಳಿ ಬಂದ. ಬೆರಳುಗಳು ಚುರುಕಾಗಿದ್ದವು, ತಾಳ ಗಟ್ಟಿಯಾಗಿತ್ತು. ವಾದ್ಯದ ತಲೆಗೆ ಕಚ್ಚಿಸಿದ್ದ ಟ್ಯೂನರಿನ ಬ್ಯಾಟರಿ ಮಾತ್ರ ಅಂದು ಮುಗಿದಿತ್ತು. ಡಿ ತಂತಿ ಅರ್ಧ ಸ್ವರಕ್ಕೆ ಹತ್ತಿರದಷ್ಟು ಇಳಿದಿದ್ದರೂ ಅವನಿಗೆ ತಿಳಿಯಲಿಲ್ಲ; ನಾನು ಹೇಳಿದ ಮೇಲೂ ಬಿರಡೆಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ಹೊಳೆಯದೆ ನನ್ನ ಮುಖ ನೋಡಿದ. ಇದು ಅವನ ತಪ್ಪಲ್ಲ. ಹಸಿರು ದೀಪ ಹೊತ್ತುವವರೆಗೆ ತಿರುಗಿಸುವುದನ್ನಷ್ಟೇ ಅವನಿಗೆ ಹೇಳಿಕೊಡಲಾಗಿತ್ತು.

ಬೇಸ್ ಗಿಟಾರಿನ ನಾಲ್ಕು ತಂತಿಗಳು ದಪ್ಪದಿಂದ ತೆಳುವಿಗೆ ಇ, ಎ, ಡಿ, ಜಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಯಾವ ತಂತಿಯನ್ನು ಷಡ್ಜವೆಂದುಕೊಂಡರೂ ಮುಂದಿನದು ಅದರ ಶುದ್ಧ ಮಧ್ಯಮ. ಮಾಮೂಲಿ ಗಿಟಾರಿನಲ್ಲಿ ಜಿ ಮತ್ತು ಬಿ ತಂತಿಗಳ ನಡುವೆ ಈ ಲೆಕ್ಕ ತಪ್ಪುತ್ತದೆ, ಬೇಸಿನಲ್ಲಿ ಎಲ್ಲೂ ತಪ್ಪುವುದಿಲ್ಲ. ಆದ್ದರಿಂದ ದಪ್ಪ ತಂತಿಯನ್ನು ವಾದ್ಯದ ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ ಪೈಕಿ ಐದನೆಯ ಫ್ರೆಟ್‌ನಲ್ಲಿ ಒತ್ತಿ ಮುಂದಿನ ತಂತಿಯನ್ನು ಬಿಡಿಯಾಗಿ ಮೀಟಿದರೆ ಎರಡೂ ಒಂದೇ ಸ್ವರ ನುಡಿಯಬೇಕು. ಎಲ್ಲರೂ ಮೊದಲು ಕಲಿಸುವ ದಾರಿ ಇದೇ. ಆದರೆ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41, ಎ ತಂತಿಯದು 55. ಅಷ್ಟು ಕೆಳಗಿನ ನಾದದಲ್ಲಿ ಸಣ್ಣ ವ್ಯತ್ಯಾಸವನ್ನು ಹಿಡಿಯುವುದು ಹೊಸ ಕಿವಿಗೆ ಕಷ್ಟ, ಫೋನಿನ ಪುಟ್ಟ ಮೈಕಿಗೂ ಅದು ಸುಲಭವಲ್ಲ. ಅದಲ್ಲದೆ ಫ್ರೆಟ್‌ನ ಮೇಲೆ ಬೆರಳು ಸ್ವಲ್ಪ ಬಿಗಿಯಾಗಿ ಕೂತರೂ ಸ್ವರ ಏರಿಬಿಡುತ್ತದೆ.

ಹೀಗಾಗಿ ನಾನು ಹಾರ್ಮೋನಿಕ್‌ನಿಂದ ಆರಂಭಿಸುತ್ತೇನೆ. ಇ ತಂತಿಯ ಐದನೆಯ ಫ್ರೆಟ್‌ನ ಲೋಹದ ಪಟ್ಟಿಗೆ ನೇರವಾಗಿ, ಒತ್ತದೆ, ಬೆರಳನ್ನು ತಂತಿಗೆ ಸೋಕಿಸಿ ಮೀಟಿ ತೆಗೆದರೆ ಎರಡು ಸ್ಥಾಯಿ ಮೇಲಿನ ಗಂಟೆಯಂಥ ನಾದ ಹೊರಡುತ್ತದೆ; ಅದೇ ಹಾರ್ಮೋನಿಕ್. ಎ ತಂತಿಯ ಏಳನೆಯ ಫ್ರೆಟ್‌ನಲ್ಲಿ ಹಾಗೆಯೇ ಮಾಡಿದರೆ ಅದೇ ಸ್ವರ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಮೊಳಗಲು ಬಿಟ್ಟರೆ, ಹೊಂದದಿದ್ದಾಗ ನಾದ 'ವೊಂವ್, ವೊಂವ್' ಎಂದು ಉಬ್ಬಿ ತಗ್ಗುತ್ತದೆ. ಎಡಗೈ ಆಗ ಬಿಡುವಾಗಿರುವುದರಿಂದ ಬಿರಡೆಯನ್ನು ಹಿಡಿಯಬಹುದು. ಶ್ರುತಿ ಹತ್ತಿರವಾದಂತೆ ಈ ತೂಗಾಟ ನಿಧಾನವಾಗುತ್ತಾ ಬರುತ್ತದೆ. ಎ ತಂತಿಯಲ್ಲಿ ಸೆಕೆಂಡಿಗೆ ಒಂದು ಕಂಪನದಷ್ಟು ತಪ್ಪಿದ್ದರೆ ಇಲ್ಲಿ ಅದು ಮೂರು ತೂಗಾಟವಾಗಿ ಕೇಳುವುದರಿಂದ, ಬಿಡಿ ತಂತಿಯಲ್ಲಿ ಅಡಗಿದ್ದ ದೋಷ ಹತ್ತು ವರ್ಷದ ಮಗುವಿಗೂ ಗೊತ್ತಾಗುತ್ತದೆ. ತಂತಿ ಏರಿದ್ದರೆ ಮೊದಲು ಬೇಕಾದದ್ದಕ್ಕಿಂತ ಕೆಳಗಿಳಿಸಿ, ಮತ್ತೆ ಬಿಗಿಯುತ್ತಾ ಬಂದು ನಿಲ್ಲಿಸಬೇಕು. ಇಳಿಸುತ್ತಾ ನಿಲ್ಲಿಸಿದರೆ ಬಿರಡೆಯ ಹಲ್ಲುಗಳ ಸಡಿಲ ಉಳಿದು ಎರಡನೆಯ ಹಾಡಿಗೇ ಶ್ರುತಿ ಜಾರುತ್ತದೆ.

ಒಂದು ಸೂಕ್ಷ್ಮವನ್ನು ಮುಚ್ಚಿಡಬಾರದು. ತೂಗಾಟ ಪೂರ್ತಿ ನಿಂತಾಗ ಸಿಗುವುದು ಸಹಜ ಮಧ್ಯಮ. ಕೀಬೋರ್ಡಿನ ಮಧ್ಯಮ ಅದಕ್ಕಿಂತ ಅರ್ಧ ಸ್ವರದ ಐವತ್ತನೆಯ ಒಂದು ಪಾಲಿನಷ್ಟು ಮೇಲಿರುತ್ತದೆ. ಕೀಬೋರ್ಡ್ ಜೊತೆ ನುಡಿಸುವವರು ಇ ಮತ್ತು ಎ ತಂತಿಗಳ ನಡುವೆ ಐದು ಸೆಕೆಂಡಿಗೊಂದು ತೂಗಾಟ ಉಳಿಯುವಂತೆ ನಿಲ್ಲಿಸಿದರೆ ಸರಿಹೋಗುತ್ತದೆ. ಇಷ್ಟು ಬಾರೀಕು ಮೊದಲ ವರ್ಷಕ್ಕೆ ಬೇಡ.

ಪ್ರಥಮ ಪಿಯುಸಿಯ ಭೌತಶಾಸ್ತ್ರದಲ್ಲಿ ನಮ್ಮ ಮಕ್ಕಳು ಈ ತೂಗಾಟವನ್ನೇ ಬೀಟ್ಸ್ ಎಂದು ಓದಿ ಲೆಕ್ಕ ಬಿಡಿಸುತ್ತಾರೆ. ನನ್ನ ಬಳಿ ಬರುವ ಪಿಯುಸಿ ವಿದ್ಯಾರ್ಥಿಗಳಲ್ಲಿ ಹಲವರಿಗೆ ಸೂತ್ರ ಬಾಯಿಪಾಠವಾಗಿರುತ್ತದೆ, ಆದರೆ ಅದು ಕಿವಿಗೆ ಹೇಗೆ ಕೇಳುತ್ತದೆಂಬುದು ತಿಳಿದಿರುವುದಿಲ್ಲ. ಕಿವಿಯಿಂದ ಶ್ರುತಿ ಹಿಡಿಯುವುದು ನಮ್ಮ ನೆಲಕ್ಕೆ ಹೊಸತೂ ಅಲ್ಲ. ನನ್ನ ತಾಯಿ ಹಾಡಲು ಕೂರುವ ಮುನ್ನ ತಂಬೂರಿಯ ನಡುವಿನ ಎರಡು ತಂತಿಗಳಾದ ಸಾರಣಿ, ಅನುಸಾರಣಿಗಳನ್ನು ಒಂದೇ ಷಡ್ಜಕ್ಕೆ ಕೂಡಿಸಿ, ಕುದುರೆಯ ಮೇಲೆ ತಂತಿಯಡಿ ಇಡುವ ಜೀವಾಳದ ನೂಲನ್ನು ಕೂದಲೆಳೆಯಷ್ಟು ಸರಿಸುತ್ತಾ, ಕಣ್ಣು ಮುಚ್ಚಿ ಕಾಯುತ್ತಿದ್ದರು. ಅವರು ಏನಕ್ಕೆ ಕಾಯುತ್ತಿದ್ದರೆಂದು ನನಗೆ ಅರ್ಥವಾದದ್ದು ಬೇಸ್ ಕೈಗೆ ಬಂದ ಮೇಲೆಯೇ.

ಟ್ಯೂನರ್ ಬೇಡವೆಂದು ನಾನು ಹೇಳುತ್ತಿಲ್ಲ. ಡ್ರಮ್ಸ್ ಬಡಿಯುತ್ತಿರುವ ವೇದಿಕೆಯಲ್ಲಿ ಅದು ದೊಡ್ಡ ಆಸರೆ. ಆದರೆ ಹಾಡಿನ ನಡುವೆ ತಂತಿ ಜಾರಿದರೆ ಅದನ್ನು ಮೊದಲು ಕಂಡುಹಿಡಿಯಬೇಕಾದದ್ದು ನುಡಿಸುವವನ ಕಿವಿ. ತಳದ ಸ್ವರ ಏರುಪೇರಾದಾಗ ಕೇಳುಗರಿಗೆ ಬೇಸ್ ತಪ್ಪಿದೆ ಎನಿಸುವುದಿಲ್ಲ, ಗಾಯಕಿ ಅಪಶ್ರುತಿ ಹಾಡುತ್ತಿದ್ದಾಳೆ ಎನಿಸುತ್ತದೆ. ನನ್ನ ತಂತಿಯ ತಪ್ಪಿಗೆ ಒಬ್ಬ ಹಾಡುಗಾರ್ತಿ ವೇದಿಕೆಯಿಂದ ಕಣ್ಣೀರಿಟ್ಟು ಇಳಿದದ್ದನ್ನು ನಾನು ಕಂಡಿದ್ದೇನೆ.

ಹಾಗಾಗಿ ಶಿಕ್ಷಕರು ಪ್ರತಿ ಪಾಠಕ್ಕೆ ಮುನ್ನ ತಂತಿಗಳನ್ನು ತಾವೇ ಸಡಿಲಿಸಿ, ಎ ಸ್ವರವೊಂದನ್ನು ಮಾತ್ರ ಕೊಟ್ಟು, ಉಳಿದದ್ದನ್ನು ಮಗುವಿಗೆ ಬಿಡಬೇಕು. ಆರಂಭದಲ್ಲಿ ಇದಕ್ಕೆ ಹದಿನೈದು ನಿಮಿಷ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಇನ್ನೊಂದು ಹಾಡು ಕಲಿಸಬಹುದಿತ್ತಲ್ಲ ಎಂದು ಪೋಷಕರು ದಯವಿಟ್ಟು ಕೇಳಬಾರದು.

– ಬೇಸ್ ಗಿಟಾರ್ ಶಿಕ್ಷಕ, ಮೈಸೂರು