ಅಂಗಮಾರಿ ಅಂತಲೇ ಬರೆ

ಪ್ರೀತಿಯ ಹುಡುಗ,

ನಿನ್ನ ನೋಟ್‌ಬುಕ್ ತಲುಪಿತು. 14 ರ್‍ಯಾಪ್‌ಗಳನ್ನೂ ಓದಿದೆ, ಎರಡು ರಾತ್ರಿ ಹಿಡಿಯಿತು. ಕೊನೆಯ ಪುಟದಲ್ಲಿ ಕೆಂಪು ಪೆನ್ನಿನಲ್ಲಿ ಬರೆದಿದ್ದೀಯಲ್ಲ, 'ಗ್ರೇಟೆಸ್ಟ್ ರ್‍ಯಾಪರ್ ಆಗೋಕೆ ಏನು ಬೇಕು ಮೇಷ್ಟ್ರೇ? ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬಿಟ್ಟುಬಿಡ್ತೀನಿ' ಅಂತ. ಓದಿ ಸಂಕಟವಾಯಿತು. 19 ವರ್ಷಕ್ಕೇ ಬಿಡುವ ಮಾತು ಯಾಕಪ್ಪಾ?

ಯಾವ ಮೈಕು, ಬೀಟ್ ಎಲ್ಲಿ ಸಿಗುತ್ತೆ, ಉಸಿರು ಎಲ್ಲಿ ತಗೋಬೇಕು ಅಂತೆಲ್ಲ ಕೇಳಿದ್ದೀಯ. ಅವೆಲ್ಲ ಹಾಡ್ತಾ ಹಾಡ್ತಾ ಬರುತ್ತವೆ. ನಿನ್ನ ಜೊತೆಯ ಹುಡುಗರಿಗೇ ನನಗಿಂತ ಜಾಸ್ತಿ ಗೊತ್ತು.

14ರಲ್ಲಿ 11 ರ್‍ಯಾಪ್‌ಗಳಲ್ಲಿ ಗನ್ ಇದೆ. ಮೂಡಿಗೆರೆ ಕಡೆಯ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬೆಳೆದವನು ನೀನು. ಸಾಹುಕಾರರ ಕೋವಿ ಬಿಟ್ಟರೆ ಇನ್ಯಾವ ಗನ್ ನೋಡಿದ್ದೀಯ? ರ್‍ಯಾಪ್ ಅಂದ್ರೆ ಹೀಗೇ ಇರಬೇಕು ಅಂತ ನಿನಗೆ ಯಾರು ಹೇಳಿದರು? ಅದು ಹುಟ್ಟಿದ ಕತೆ ಕೇಳು. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್. ಶಾಲೆ ಶುರುವಾಗುವ ಮುಂಚೆ ಸಿಂಡಿ ಕ್ಯಾಂಪ್‌ಬೆಲ್ ಅನ್ನೋ ಹುಡುಗಿಗೆ ಹೊಸ ಬಟ್ಟೆ ತಗೊಳ್ಳಬೇಕಿತ್ತು. ದುಡ್ಡು ಹೊಂದಿಸೋಕೆ ತಾವಿದ್ದ ಕಟ್ಟಡದಲ್ಲೇ ಟಿಕೆಟ್ ಇಟ್ಟು ಪಾರ್ಟಿ ಮಾಡಿದಳು. ಅವಳ ಅಣ್ಣ ಡಿಜೆ ಕೂಲ್ ಹರ್ಕ್ ರೆಕಾರ್ಡು ಹಾಕಿದ. ರ್‍ಯಾಪ್‌ನ ತಾಯಿಬೇರಾದ ಹಿಪ್ ಹಾಪ್ ಹುಟ್ಟಿದ ದಿನ ಅಂತ ಇವತ್ತಿಗೂ ಅದನ್ನೇ ನೆನೆಯುತ್ತಾರೆ. ಶಾಲೆಗೆ ಹಾಕಿಕೊಂಡು ಹೋಗೋ ಬಟ್ಟೆಯ ಕಷ್ಟ ನಿನಗೆ ಗೊತ್ತಿಲ್ಲದ್ದಾ?

ಯಾರು ದೊಡ್ಡವರು ಅನ್ನೋ ಜಗಳ ಮುಗಿಯೋದಿಲ್ಲ. ಅಮೆರಿಕದ ರ್‍ಯಾಪರ್‌ಗಳಲ್ಲಿ ಟೂಪಾಕ್ ಸತ್ತಾಗ 25 ವರ್ಷ, ಬಿಗ್ಗಿ ಸತ್ತಾಗ 24. ಇಬ್ಬರಲ್ಲಿ ಯಾರು ಮೇಲು ಅಂತ ಜನ ಇನ್ನೂ ಕಿತ್ತಾಡುತ್ತಾರೆ. ನಾನು ಬೇರೆ ಒಂದನ್ನು ನೋಡುತ್ತೇನೆ. ನಾಸ್ ಅನ್ನೋ ರ್‍ಯಾಪರ್ 1994ರಲ್ಲಿ ಮೊದಲ ಆಲ್ಬಂ ತಂದಾಗ ಅವನಿಗೆ 20 ವರ್ಷ, ನಿನಗಿಂತ ಒಂದು ವರ್ಷ ದೊಡ್ಡವನು ಅಷ್ಟೇ. ಹಾಡಿದ್ದು ತಾನು ಬೆಳೆದ ಕ್ವೀನ್ಸ್‌ಬ್ರಿಜ್ ವಠಾರವನ್ನು. ರ್‍ಯಾಪರ್ ಕೆಂಡ್ರಿಕ್ ಲಮಾರ್ ತಾನು ಬೆಳೆದ ಊರು ಕಾಂಪ್ಟನ್ನನ್ನು ಬಿಟ್ಟುಕೊಡಲೇ ಇಲ್ಲ. 2018ರಲ್ಲಿ ಅವನಿಗೆ ಅಮೆರಿಕದ ದೊಡ್ಡ ಪ್ರಶಸ್ತಿ ಪುಲಿಟ್ಜರ್ ಬಂತು. ಅಲ್ಲಿವರೆಗೆ ಸಂಗೀತದ ಪುಲಿಟ್ಜರ್ ಶಾಸ್ತ್ರೀಯ ಸಂಗೀತ, ಜಾಝ್ ಬಿಟ್ಟು ಆಚೆ ಹೋಗಿರಲಿಲ್ಲ. ಅವರು ತಮ್ಮ ಬೀದಿಯನ್ನು ಬೀದಿಯ ಮಾತಲ್ಲೇ ಹೇಳಿದರು. ಅದಕ್ಕೇ ಮೂಡಿಗೆರೆಯಲ್ಲಿ ಕೂತ ನಿನಗೂ ಅದು ತಟ್ಟಿತು, ಅಲ್ವಾ? ನೀನು ಅವರ ಬೀದಿಯನ್ನೇ ಕನ್ನಡದಲ್ಲಿ ಬರೆದರೆ ಯಾರಿಗೆ ತಟ್ಟಬೇಕು?

ಆರನೇ ರ್‍ಯಾಪ್‌ನಲ್ಲಿ ಮಾತ್ರ ನಾನು ನಿಂತುಬಿಟ್ಟೆ.

'ತಕ್ಕಡಿಗೆ ಹಣ್ಣಿಂದೇ ಲೆಕ್ಕ
ಪಕ್ಕೆನೋವು ಅವ್ವಂಗೇ ಪಕ್ಕಾ'

ಎಷ್ಟು ಸಲ ಓದಿದೆನೋ. ಕಾಫಿ ಹಣ್ಣು ಕಿತ್ತು, ಸಂಜೆ ಚೀಲ ಹೊತ್ತು, ಕೆಜಿ ಲೆಕ್ಕಕ್ಕೆ ಸಾಲು ನಿಂತ ಹೆಂಗಸು ಕಣ್ಣಿಗೆ ಬಂದಳು. ಪ್ರಾಸ ನೋಡು. ತಕ್ಕಡಿ, ಪಕ್ಕೆ, ಲೆಕ್ಕ, ಪಕ್ಕಾ. ಎರಡು ಸಾಲಿನಲ್ಲಿ ನಾಲ್ಕು ಸಲ 'ಕ್ಕ'. 1980ರ ದಶಕದಲ್ಲಿ ರಾಕಿಮ್ ಅನ್ನೋ ರ್‍ಯಾಪರ್ ಬಂದು, ಸಾಲಿನ ತುದಿಯಲ್ಲಿದ್ದ ಪ್ರಾಸವನ್ನು ಸಾಲಿನ ಹೊಟ್ಟೆಯೊಳಗೂ ತಂದ ಅಂತ ಅವನನ್ನು ಹೊಗಳುತ್ತಾರೆ. ಸ್ಯಾಕ್ಸೊಫೋನ್ ನುಡಿಸುತ್ತಿದ್ದವನು ಅವನು, ಕಿವಿ ಹಾಗಿತ್ತು. ನಮ್ಮ ಹಳೆಯ ಕನ್ನಡ ಕವಿಗಳು ಸಾಲಿನ ಎರಡನೇ ಅಕ್ಷರಕ್ಕೆ ಪ್ರಾಸ ಇಟ್ಟರು. ನಿಮ್ಮ ಜಿಲ್ಲೆಯದೇ ಕಡೂರು ತಾಲೂಕಿನ ದೇವನೂರಿನ ಲಕ್ಷ್ಮೀಶ ಷಟ್ಪದಿಯ ಆರು ಸಾಲಿಗೂ ಹೀಗೇ ಪ್ರಾಸ ಹಿಡಿದವನು. ನೀನು ಅವನನ್ನು ಓದಿರಲಿಕ್ಕಿಲ್ಲ. ಆದರೂ ಅದೇ ಪ್ರಾಸ ನಿನಗೆ ಬಂದಿದೆ, ಯಾಕಂದ್ರೆ ಅಲ್ಲಿ ನೀನು ಅವ್ವನ ಬಗ್ಗೆ ಅವ್ವನ ಮಾತಲ್ಲಿ ಬರೆದೆ. ಮುಂದಿನ ಸಾಲಿಗೇ ಮತ್ತೆ ಗನ್ ಬಂತು. ಸಿಟ್ಟು ಬಂದು ನೋಟ್‌ಬುಕ್ ಮುಚ್ಚಿಟ್ಟೆ.

ಆ ಸಿಟ್ಟು ನಿನ್ನ ಮೇಲಿನದಷ್ಟೇ ಅಲ್ಲ. ನನಗೆ 24 ವರ್ಷ ಇದ್ದಾಗ ನಮ್ಮ ಆಲೂಗಡ್ಡೆ ಹೊಲಕ್ಕೆ ಅಂಗಮಾರಿ ರೋಗ ಬಿತ್ತು. ಸಾಲ ಮಾಡಿ ತಂದ ಜಲಂಧರ್ ಬಿತ್ತನೆ. ನಾಲ್ಕು ದಿನ ಮೋಡ, ಜಿಟಿಜಿಟಿ ಮಳೆ. ಗಿಡವೆಲ್ಲ ಕರಕಲಾಯಿತು. ಅವ್ವ ಬದುವಿನ ಮೇಲೆ ಕೂತು, ಕೊಳೆತ ಗೆಡ್ಡೆ ಅಂಗೈಯಲ್ಲಿ ಹಿಡಿದು, ಸುಮ್ನೆ ನೋಡುತ್ತಿದ್ದಳು. ಅದನ್ನು ಪದ್ಯ ಮಾಡಿ ಒಂದು ಪತ್ರಿಕೆಗೆ ಕಳಿಸಿದೆ. ಸಂಪಾದಕರು ಮೆಚ್ಚಿ ಬರೆದರು. 'ಅಂಗಮಾರಿ' ತೀರಾ ಹಳ್ಳಿಮಾತು, 'ವಿಧಿ' ಅಂತ ಮಾಡಿದರೆ ಪದ್ಯ ಮೇಲಕ್ಕೇರುತ್ತದೆ ಅಂದರು. ಮಾಡಿದೆ. ಪದ್ಯ ಅಚ್ಚಾಯಿತು, ಬಹುಮಾನವೂ ಬಂತು. ಹಾಸನದ ಒಂದು ಸಭೆಯಲ್ಲಿ ಅವ್ವನನ್ನು ಮುಂದೆ ಕೂರಿಸಿ ಓದಿದೆ. ಬಸ್‌ನಲ್ಲಿ ಬರುವಾಗ ಅವಳು ಕೇಳಿದಳು, 'ಅದು ಯಾರ ಹೊಲದ ಕತೆ ಮಗಾ?'

ಏನು ಹೇಳಲಿ? ಕಿಟಕಿ ಕಡೆ ತಿರುಗಿಕೊಂಡೆ. ಆಮೇಲೂ ಸುಮಾರು ಹತ್ತು ವರ್ಷ ಹಾಗೇ ಬರೆದೆ, ಹೊಗಳಿಕೆ ಬರುತ್ತಲೇ ಇತ್ತು. ಮತ್ತೆ 'ಅಂಗಮಾರಿ' ಅಂತಲೇ ತಿದ್ದಿದ ಪದ್ಯವನ್ನು ಅವಳಿಗೆ ಓದಿ ಹೇಳುವಷ್ಟರಲ್ಲಿ ಅವಳೇ ಇರಲಿಲ್ಲ.

ನಿನ್ನ ವಿಡಿಯೋ ಕೆಳಗೆ ಗೆಳೆಯರು 'ಗೋಟ್', ಅಂದ್ರೆ ಎಲ್ಲ ಕಾಲಕ್ಕೂ ಗ್ರೇಟೆಸ್ಟ್, ಅಂತ ಬರೆದಿದ್ದಾರೆ ಅಂದೆ. ಪಾಪ, ಪ್ರೀತಿಯಿಂದ ಬರೆದಿರುತ್ತಾರೆ. ಆದರೆ ಯಾವ ಸಾಲಿಗೆ ಅಂತ ಕೇಳಿ ನೋಡು. ಗನ್ ಸಾಲಿಗೆ ಅಂದರೆ, ದಯವಿಟ್ಟು ಅದನ್ನು ನಂಬಬೇಡ.

ಆರನೆಯದನ್ನು ಮತ್ತೆ ಬರೆ. ಕಾಫಿ ಹೂ ಅರಳಿಸುವ ಹೂಮಳೆ ಬರದ ವರ್ಷ ಲೈನ್‌ನಲ್ಲಿ ಏನು ಮಾತಾಡುತ್ತಾರೆ, ಆನೆ ಬಂದಿದೆ ಅಂತ ಗೊತ್ತಾದ ಬೆಳಿಗ್ಗೆ ಅವ್ವ ಕೆಲಸಕ್ಕೆ ಹೇಗೆ ಹೊರಡುತ್ತಾಳೆ, ಅದೆಲ್ಲ ಬರಲಿ. ಅವಳು ಆಡುವ ಒಂದು ಮಾತನ್ನೂ ತಿದ್ದಬೇಡ. ನನಗೆ ಕಳಿಸುವ ಮುಂಚೆ ಅವಳಿಗೆ ಹಾಡಿ ತೋರಿಸು. ಏನಂದಳು ಅಂತ ಇದ್ದದ್ದು ಇದ್ದ ಹಾಗೆ ಬರೆ, ಕಾಯುತ್ತಿರುತ್ತೇನೆ.

ನಿನ್ನ
ಮೇಷ್ಟ್ರು
ಹಾಸನ